ದೇವೀರಿಗೆ ಹೇಳಿದ ಮದ್ದು

ಒಂದಾನೊಂದು ಕಾಲದಲ್ಲಿ, ಬೆಟ್ಟಗಳೆಲ್ಲ ಕೂರೋಕೆ ಜಾಗ ಹುಡುಕ್ತಾ ಇನ್ನೂ ಓಡಾಡ್ತಿದ್ದ ಕಾಲ ಅಂತಿಟ್ಟುಕೋ ಕೂಸೇ, ದೇವೀರಿ ಅಂತ ಒಬ್ಬಳು ಸೊಸೆ ಇದ್ದಳಂತೆ. ಮನೇಲಿ ಅತ್ತೆ, ಮಾವ, ಗಂಡ, ಇಬ್ಬರು ಮೈದುನರು. ಅವಳ ಕೈರುಚಿ ಎಂಥದು ಅಂದರೆ, ಒಗ್ಗರಣೆ ಹಾಕಿದರೆ ಬೀದೀಲಿ ಹೋಗೋ ದಾಸಯ್ಯ ಹಾಡು ಮರೆತು ನಿಂತುಬಿಡೋನಂತೆ. ಆದರೆ ಆ ಮನೆ ಪದ್ಧತಿ, ಮಾಡಿದೋಳು ಕಡೇಲಿ ಉಣ್ಣಬೇಕು. ಕಡೇಲಿ ಉಳಿಯೋದೇನು? ಮಡಕೆ ತಳಕ್ಕೆ ಹತ್ತಿದ ಸೀಕು, ಒಂದಿಷ್ಟು ನೀರು ಮಜ್ಜಿಗೆ.

ಅದನ್ನೇ ಉಂಡೂ ಉಂಡೂ ದೇವೀರಿ ಸೊರಗಿ ಹಂಚಿಕಡ್ಡಿಯಾದಳಂತೆ. ಬೀಸೋಕೆ ಕೂತರೆ ಕಣ್ಣು ಕತ್ತಲೆ, ಕೊಡ ಎತ್ತಿದರೆ ಎದೆ ಡವಡವ. ಈ ಹುಡುಗಿ ಯುಗಾದಿ ಕಾಣೋಲ್ಲ ಅಂತ ನೆರೆಯೋರು ಪಿಸುಗುಟ್ಟಿದ್ದು ಅವಳ ಕಿವಿಗೇ ಬಿತ್ತಂತೆ. ಆಮೇಲೆ ಅತ್ತೆ ಹೆದರಿ ಪಂಡಿತರ ಹತ್ತಿರ ಕರ್ಕೊಂಡು ಹೋದಳು. ಅವರು ನಾಡಿ ಹಿಡಿದು, ಮೈಯಲ್ಲಿ ರಕ್ತವೇ ಇಲ್ಲ ಕಣವ್ವ, ಕಷಾಯ ಯಾಕೆ, ದಿನಾ ನುಗ್ಗೆಸೊಪ್ಪು ತಿನ್ನು ಅಂದರಂತೆ.

ದೇವೀರಿ ಸೊಪ್ಪಿನ ಪಲ್ಯ ಮಾಡಿದಳು. ಮಾವ, ಇನ್ನೊಂಚೂರು ಹಾಕವ್ವ ಅಂದ. ಬೇಡ ಅನ್ನೋಕೆ ಬಾಯಿ ಬರುತ್ಯೇ? ಹಾಕಿದಳು. ಕೋಲೂರಿ ನಡೀತಿದ್ದ ಮಾವ ಕೋಲು ಬಿಸಾಕಿ ಓಡಾಡೋ ಹಾಗಾದನಂತೆ, ಸೊಸೆ ಮಾತ್ರ ಹಂಗೇ. ಪಂಡಿತರು, ತಿಂದ್ಯೇನವ್ವ ಅಂದರೆ, ದಿನಾ ಮಾಡ್ತಿದೀನಿ ಸ್ವಾಮಿ ಅನ್ನೋಳಂತೆ. ಆಮೇಲೆ ಮೊಳಕೆ ಹುರುಳಿ ಅಂದರು. ಅದನ್ನ ಗಂಡ ತಿಂದು, ಎತ್ತಿನ ಜೊತೆ ಪಂದ್ಯ ಕಟ್ಟೋ ಹಾಗಾದ. ಆಮೇಲೆ ಎಳ್ಳುಬೆಲ್ಲ ಕುಟ್ಟಿದ ಉಂಡೆ ಅಂದರು. ಅದನ್ನ ಮೈದುನರು ಗಡಿಗೆಗೇ ಕೈಯಿಟ್ಟು ಮುಗಿಸಿ, ಹಲಸಿನಕಾಯಿ ಹಾಗೆ ಗುಂಡಗಾದರು. ಪಂಡಿತರ ಕೈಗುಣ ದೊಡ್ಡದು, ಒಬ್ಬಳಿಗೆ ಹೇಳಿದರೆ ಮನೆಮಂದಿಗೆಲ್ಲ ವಾಸಿ ಅಂತ ಊರು ಹೊಗಳ್ತಂತೆ.

ಆಮೇಲೆ ಒಂದಿನ ದೇವೀರಿ ಒಲೆ ಮುಂದೆನೇ ಬಿದ್ದುಬಿಟ್ಟಳಂತೆ. ಅವತ್ತು ಅತ್ತೆ ಸೌಟು ಹಿಡಿದಳು. ಬೇಯಿಸಿದಳು, ಬಡಿಸಿದಳು, ಇನ್ನೊಂಚೂರು ಅಂದೋರಿಗೆಲ್ಲ ಹಾಕಿದಳು. ಗಂಡಸರು ತೇಗಿ ಎದ್ದ ಮೇಲೆ, ಸೊಸೆಗೆ ಅಂತ ಮಡಕೆ ಬಗ್ಗಿಸಿದರೆ ಬರೀ ತಳ. ಅತ್ತೆ ಅದನ್ನೇ ನೋಡ್ತಾ ಕೂತಳಂತೆ. ಅವಳಿಗೇನು ಅದು ಹೊಸದೇ? ಸೊಸೆಯಾಗಿದ್ದಾಗ ಅವಳೂ ಅದೇ ತಳ ಕೆರೆದೋಳು. ಅತ್ತೆಯಾಗಿ ಉಣ್ಣೋರ ಸಾಲಲ್ಲಿ ಕೂತ ಮೇಲೆ ಮರೆತಿದ್ದಳು, ಅಷ್ಟೆ.

ಎದ್ದು ಮತ್ತೆ ಒಲೆ ಹಚ್ಚಿ, ಸೊಪ್ಪು ಬೇಯಿಸಿ, ಬಿಸಿ ಮುದ್ದೆ ಕಟ್ಟಿ, ಸೊಸೆ ತಲೆ ತೊಡೆ ಮೇಲಿಟ್ಕೊಂಡು ತುತ್ತು ಮಾಡಿ ಉಣ್ಣಿಸಿದಳಂತೆ. ಮಾರನೇ ದಿನ ಗಂಡಸರು ಬಂದು ಕೂತರು, ತಟ್ಟೆ ಬರಲಿಲ್ಲ. ಏನೇ ಇದು ಅಂದ ಮಾವ. ಅತ್ತೆ ಅಂದಳಂತೆ:

"ಸುಮ್ಕಿರಿ. ಮದ್ದು ಹೇಳಿದ್ದು ಅವಳಿಗೆ, ಉಂಡೋರು ನಾವು. ಇನ್ಮೇಲೆ ಮಾಡಿದೋಳ ಹೊಟ್ಟೆ ಮೊದಲು."

ಮಾವನಿಗೆ ತಾನು ಬಿಸಾಕಿದ ಕೋಲು ನೆನಪಾಗಿ, ತಾನೇ ಎದ್ದು ಸೊಸೆಗೆ ಗಟ್ಟಿ ಮಜ್ಜಿಗೆ ಬಗ್ಗಿಸಿದನಂತೆ.

ದೇವೀರಿಗೆ ಮೊದಮೊದಲು ತುತ್ತು ಗಂಟಲಲ್ಲಿ ಇಳೀಲೇ ಇಲ್ಲ, ಎದುರಿಗೆ ಹಸಿದೋರು ಕೂತಿರ್ತಾರಲ್ಲ. ಆಮೇಲಾಮೇಲೆ ಇಳೀತು. ಕೆನ್ನೆಗೆ ಬಣ್ಣ ಬಂತು, ಬೀಸುಕಲ್ಲಿನ ಜೊತೆ ಹಾಡೂ ಬಂತು. ಯುಗಾದಿ ದಿನ ಬೇವುಬೆಲ್ಲ ಹಂಚಿದೋಳು ಅವಳೇ. ಮೊದಲ ಚೂರು ಅತ್ತೆ ಕೈಗಿಟ್ಟು, ನೀವು ನನ್ನ ಹೆರಲಿಲ್ಲ, ಉಳಿಸ್ಕೊಂಡ್ರಿ ಅಂದಳಂತೆ. ಅತ್ತೆ, ಸಾಕು, ಹೋಳಿಗೆ ಆರುತ್ತೆ, ಕೂತು ಉಣ್ಣು ಅಂತ ಗದರಿ, ಸೆರಗಲ್ಲಿ ಕಣ್ಣೊರೆಸ್ಕೊಂಡಳಂತೆ.

ಅದಕ್ಕೇ ಕಣೇ, ನಿಮ್ಮಮ್ಮ ಒಲೆ ಆರಿಸಿದ ಕೂಡಲೇ ಮೊದಲ ತಟ್ಟೆ ನಾನು ಅವಳ ಮುಂದೆ ಇಡೋದು. ಕತೆಗೂ ಹೊಟ್ಟೆ ತುಂಬಿ ನಿದ್ದೆ ಬಂತು, ಅದು ಮುಗೀತು. ನೀನೂ ಕಣ್ಮುಚ್ಚು.