ಬಾರದ ಸದ್ದಿನ ತೀರ್ಪು

ಕಂಚುಗಾರ ಮೋನಪ್ಪಾಚಾರಿ ಹೊಸ ಗಂಟೆಯೊಂದನ್ನು ಬಾರಿಸಿ ಕಿವಿಗೊಟ್ಟನು. ಕಿವಿಯ ತಮಟೆ ಅದುರಿತು. ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಗಿವಿಯ ಸುರುಳಿ ಶಂಖಕ್ಕೆ ದಾಟಿಸಿದವು. ಶಂಖದೊಳಗೆ ಸದ್ದು ಹಿಡಿಯುವ ರೋಮಕೋಶಗಳು ತಮಗೆ ಸಿಕ್ಕಷ್ಟನ್ನು ಮಿದುಳಿಗೆ ಕಳಿಸಿದವು.

"ನಾದ ಶುದ್ಧ," ಎಂದು ಮಿದುಳು ತೀರ್ಪು ಕೊಟ್ಟಿತು.

"ಅಪ್ಪಾ, ಸಣ್ಣಗೆ ಕಿರುಗುಟ್ಟುತ್ತಿದೆ. ಬಿರುಕಿರಬೇಕು," ಎಂದಳು ಮಗಳು ಕಮಲಾಕ್ಷಿ.

"ನಲವತ್ತು ವರ್ಷ ಪಳಗಿದ ಕಿವಿ ಇದು. ನೀನು ಪಾಠ ಹೇಳಬೇಡ!"

ಮಗಳು ಮೂಲೆಯಲ್ಲಿ ಕಟ್ಟಿಟ್ಟ ಗಂಟೆಗಳತ್ತ ಸರಿದಳು.

ಶಂಖದ ಬಾಗಿಲಲ್ಲಿದ್ದ ಮುದಿ ರೋಮಕೋಶವೊಂದು ಮಿದುಳನ್ನು ಕೇಳಿತು: "ಸ್ವಾಮಿ, ಸಣ್ಣ ದನಿ ಹಿಡಿಯುವ ಕೆಲಸ ನಮ್ಮದು. ಸುತ್ತಿಗೆಯ ಸದ್ದಿಗೆ ನನ್ನ ಜೊತೆಯವರೆಲ್ಲ ಸತ್ತರು. ನಾನೂ ಇಂದು ಏನನ್ನೂ ಕಳಿಸಲಿಲ್ಲ. ಶುದ್ಧ ಎಂದು ಹೇಗೆ ಹೇಳಿದಿರಿ?"

"ಹಳೆಯ ಗಂಟೆಗಳ ನೆನಪಿತ್ತು. ಖಾಲಿ ಬಿದ್ದ ಜಾಗಕ್ಕೆ ಅದನ್ನೇ ತುಂಬಿದೆ."

"ಎಷ್ಟು ದಿನದಿಂದ?"

ಮಿದುಳು ಲೆಕ್ಕ ಹಾಕಲು ಹೋಗಿ ನಡುವೆಯೇ ಬಿಟ್ಟಿತು.

"ಗೊತ್ತಿಲ್ಲ ಎನ್ನಲು ನಿಮಗೆ ನಾಚಿಕೆ. ಅದಕ್ಕೆ ಬೈಗುಳ ತಿಂದವಳು ಆ ಹುಡುಗಿ."

ಆಚಾರಿಯ ಮುಖ ಕೆಂಪೇರಿತು. ಅವನು ಗಂಟೆಯನ್ನು ಮಗುಚಿ ಅಂಚಿನುದ್ದಕ್ಕೂ ಉಗುರು ಎಳೆದನು. ಒಂದು ಕಡೆ ಉಗುರು ಬಿರುಕಿಗೆ ಸಿಕ್ಕಿಕೊಂಡಿತು. ಅವನು ಬಹಳ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

"ಗಿರಾಕಿಗೆಂದು ಕಟ್ಟಿಟ್ಟ ಗಂಟೆಗಳನ್ನೆಲ್ಲ ಬಿಚ್ಚಮ್ಮಾ," ಎಂದನು, ಮಗಳ ಮುಖ ನೋಡಲಾರದೆ. "ನಾನು ಬಾರಿಸುತ್ತೇನೆ. ನೀನು ಕೇಳಿ ಹೇಳು."