ಆರು ಕುರ್ಚಿಯ ಉತ್ತರ

ಪ್ರಾಡಕ್ಟ್ ಮ್ಯಾನೇಜರ್ ಸಂದರ್ಶನಕ್ಕೆಂದು ಪದ್ಮಿನಿ ಮೂರು ತಿಂಗಳು ಓದಿದ್ದಳು. ತಲೆಯಲ್ಲಿ ಉಳಿದದ್ದು ಒಂದೇ ಪಾಠ: ಮೊದಲು ಬಳಸುವವರನ್ನು ಕೇಳು.

ಸಂದರ್ಶನದ ದಿನ ಬೆಳಿಗ್ಗೆ ಹತ್ತಕ್ಕೆ ಬಂದವಳನ್ನು ಮಧ್ಯಾಹ್ನ ಮೂರಕ್ಕೆ ಒಳಗೆ ಕರೆದರು. ಕಂಪನಿಯ ಮುಖ್ಯಸ್ಥರು ಮುಕ್ಕಾಲು ಗಂಟೆ ತಮ್ಮ ಸಾಧನೆಯ ಪುರಾಣವನ್ನೇ ಹೇಳಿದರು. ಆಮೇಲೆ ಗತ್ತಿನಿಂದ, “ನಮ್ಮ ಕಂಪನಿಯಲ್ಲಿ ಜನಕ್ಕೆ ಬೇಸರ ತರಿಸೋ ಏನಾದರೂ ಒಂದನ್ನ ಹುಡುಕಿ, ಖರ್ಚಿಲ್ಲದೆ ಸರಿಮಾಡಿ. ಈಗಲೇ!” ಎಂದರು.

“ಈ ಸಂದರ್ಶನಾನೇ, ಸರ್. ಮುಗಿಸಿ ಹೊರಗೆ ಬಂದೋರನ್ನೆಲ್ಲ ಕೇಳಿದೆ. ಎಲ್ಲರಿಗೂ ಇದೇ ಪುರಾಣ, ಕೊನೆಗೆ ಇದೇ ಪ್ರಶ್ನೆ ಅಂತೆ.”

ಪದ್ಮಿನಿ ಎದ್ದು ಬಾಗಿಲು ತೆರೆದಳು. ಅವಳು ಮೊದಲೇ ಹೇಳಿಟ್ಟಿದ್ದಂತೆ, ಹೊರಗೆ ಕಾಯುತ್ತಿದ್ದ ಆರು ಜನ ತಂತಮ್ಮ ಕುರ್ಚಿ ಹೊತ್ತು ಒಳಬಂದು ಸಾಲಾಗಿ ಕೂತರು.

“ಇನ್ನು ಒಂದೇ ಸಲ ಹೇಳಿದ್ರೆ ಸಾಕು, ಸರ್.”

ಮುಖ್ಯಸ್ಥರು ಆರೂ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡು ಪದ್ಮಿನಿಯತ್ತ ತಿರುಗಿದರು. ಅಂದು ಅವರಾಡಿದ ಅತಿ ಚಿಕ್ಕ ಮಾತು ಅದೇ:

“ಯಾವತ್ತು ಸೇರ್ತೀರಿ?”