ಎಡೆಯ ದಿನದ ಹೊಗೆ

ಪಟೇಲ ಕೆಂಚೇಗೌಡರ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಒಲೆಯ ಹೊಗೆ ಕುಡಿದು ಕುಡಿದು ಅವರ ಹೆಂಡತಿ ಕೆಮ್ಮಿನಲ್ಲೇ ತೀರಿಹೋಗಿದ್ದಳು. ಈಗ ಬಸುರಿ ಸೊಸೆಗೂ ಅದೇ ಕೆಮ್ಮು ಹತ್ತಿತ್ತು.

"ಅಡುಗೆಮನೆಗೊಂದು ಕಿಟಕಿ ಇಡಿಸಿ ಬುದ್ಧಿ," ಎಂದು ಮನೆಗೆಲಸದ ಮುದುಕಿ ಕೇಳಿಕೊಂಡಳು.

"ಪಟೇಲರ ಮನೆ ಹೆಂಗಸರು ಬೀದಿಗೆ ಕಾಣಬೇಕಾ? ಹೊಗೆಗೆಲ್ಲ ಯಾರೂ ಸಾಯಲ್ಲ, ಹೋಗಮ್ಮಿ!" ಎಂದು ಗೌಡರು ಗದರಿದರು.

ತೀರಿಹೋದವಳಿಗೆ ವರ್ಷದ ಎಡೆ ಇಡುವ ದಿನ ಬಂತು.

"ಅಮ್ಮಾವ್ರು ಸದಾ ಕೂರ್ತಿದ್ದ ಜಾಗದಲ್ಲೇ ಎಡೆ ಇಡಬೇಕು ಬುದ್ಧಿ. ಊದುಬತ್ತಿ ಉರಿದು ಮುಗಿಯೋವರೆಗೂ ನೀವು ಏಳಬಾರದು," ಎಂದು ಮುದುಕಿ ಒಲೆಯ ಪಕ್ಕ ಮಣೆ ಹಾಕಿದಳು. ಒಲೆಗೆ ಹಸಿ ಸೌದೆ ತುರುಕಿದಳು.

ಗೌಡರ ಕಣ್ಣಿಂದ ನೀರು ಸುರಿಯತೊಡಗಿತು. ಬಾಗಿಲಲ್ಲಿ ನಿಂತಿದ್ದ ನೆಂಟರು, "ಪಾಪ, ಹೆಂಡತಿ ಮೇಲೆ ಎಷ್ಟು ಪ್ರೀತಿ!" ಎಂದರು.

"ಪ್ರೀತಿ ಅಲ್ಲ ಕಣ್ರಯ್ಯಾ, ಹೊಗೆ!" ಗೌಡರು ಕೆಮ್ಮುತ್ತಲೇ ಕೂಗಿದರು.

"ಅಮ್ಮಾವ್ರೂ ಇದನ್ನೇ ಹೇಳ್ತಿದ್ರು ಬುದ್ಧಿ, ಮೂವತ್ತು ವರ್ಷ," ಎಂದಳು ಮುದುಕಿ.

ಮಾರನೆಯ ಬೆಳಿಗ್ಗೆ ಗೌಡರು ತಾವೇ ಹಾರೆ ಹಿಡಿದು ಗೋಡೆ ಒಡೆದರು. ಬಿಸಿಲು ನೇರವಾಗಿ ಬಂದು ಆ ಖಾಲಿ ಮಣೆಯ ಮೇಲೆ ಬಿತ್ತು. ಗೌಡರು ಅಲ್ಲೇ ಕುಸಿದು ಕೂತು ಅತ್ತರು.

ಆಗ ಒಲೆ ಇನ್ನೂ ಹೊತ್ತಿಸಿರಲಿಲ್ಲ.